ಅಲಗಿನಿಂದ ಬೆಳೆದ ಮನೆತನ

ಬಳ್ಳಾರಿ ನಗರದ ಮಗ್ಗುಲಿಗಿರುವ ಸಂಗನಕಲ್ಲಿನ ಗುಡ್ಡಗಳ ಮೇಲೆ, ಇಂದಿಗೆ ಮೂರು ಸಾವಿರ ವರ್ಷಗಳಿಗೂ ಹಿಂದೆ, ನವಶಿಲಾಯುಗದ ಜನರು ಅಲ್ಲಿಯ ಕರಿಗಲ್ಲಿನ ಸಾಲನ್ನು ಒಡೆದು, ಚಕ್ಕೆಯೆಬ್ಬಿಸಿ, ಉಜ್ಜಿ, ನುಣುಪುಗೊಳಿಸಿ ಕೊಡಲಿಗಳನ್ನು ತಯಾರಿಸುತ್ತಿದ್ದರೆಂಬುದೂ, ಆ ತಯಾರಿಕೆಯು ಒಂದೆರಡು ಹಟ್ಟಿಗಳ ಅಗತ್ಯವನ್ನು ಮೀರಿ ದೂರದ ನೆಲೆಗಳಿಗೂ ಸಲ್ಲುವಷ್ಟಿತ್ತೆಂಬುದೂ, ರಾಬರ್ಟ್ ಬ್ರೂಸ್ ಫುಟ್ ಅವರಿಂದ ಮೊದಲಾಗಿ 1940ರ ದಶಕದ ಬಿ. ಸುಬ್ಬರಾವ್ ಅವರನ್ನೊಳಗೊಂಡು ಈಚಿನವರೆಗಿನ ಪುರಾತತ್ತ್ವಜ್ಞರ ಪರಿಶ್ರಮದಿಂದ ನಮಗೆ ತಿಳಿದುಬಂದಿರುವ ಸಂಗತಿ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿಯೂ ಅದೇ ಕಾಲದ ಜನಜೀವನವು ಹೊರಬಿದ್ದಿತು. ಆದಕಾರಣ ಅಲಗಿನ ತಯಾರಿಕೆಯೆಂಬುದು ಈ ಸೀಮೆಗೆ ಹೊಸದೆಂದು ಯಾರೂ ಹೇಳಲಾರರು. ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ಹೇರಳವಾಗಿದ್ದು, ಊರೂರಿಗೆ ಕಮ್ಮಾರನ ಕುಲುಮೆಯಿದ್ದು, ಬೆಳಗಾಗೆದ್ದರೆ ಕುಡುಗೋಲು, ಕುರ್ಚಿಗೆ, ಚಾಕು, ಕುಳಗಳ ಕೆಲಸವೇ ಕೆಲಸವಾಗಿದ್ದ ಇಂಥ ನಾಡಿನಲ್ಲಿ, ಯಂತ್ರಯುಗವು ಕಾಲಿಟ್ಟಾಗ ಅಲಗನ್ನು ಕಾರ್ಖಾನೆಯ ಪದಾರ್ಥವನ್ನಾಗಿ ಮಾಡಿದ ಮನೆತನವೊಂದು ಮೂಡಿಬರಲಿಲ್ಲವೆಂಬುದು ಮಾತ್ರ ನನ್ನನ್ನು ಬಹುಕಾಲ ಕಾಡಿದ ವಿಷಯ. ಅಂಥ ಮನೆತನವು ಮೂಡಿದ್ದು ಕನ್ನಡ ನಾಡಿನ ವಾಯವ್ಯದ ಅಂಚಿನಲ್ಲಿ, ಬೆಳಗಾವಿಯಲ್ಲಿ. ಕೃಷಿಯ ಉಪಕರಣಗಳಿಗೆ ಮೀಸಲಾದ ಈ ಸಂಚಿಕೆಯಲ್ಲಿ ಕಿರ್ಲೋಸ್ಕರ್ ಮನೆತನದ ವೃತ್ತಾಂತವನ್ನು ಬರೆಯುವುದಕ್ಕೆ ನಾನು ಒಪ್ಪಿಕೊಂಡದ್ದು ಈ ಕಾರಣದಿಂದ.

ಮನೆತನದ ಹೆಸರು ಕೊಂಕಣದ ಕಿರ್ಲೋಶಿ ಎಂಬ ಊರಿನಿಂದ ಬಂದುದಾದರೂ, ಅದರ ಉದ್ಯಮಶಾಖೆಯ ಮೂಲಪುರುಷರಾದ ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರರು ಜನಿಸಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರ ಜೂನ್ 20ರಂದು. ಮರಾಠಿ ಸಂಗೀತನಾಟಕಕ್ಕೆ ಅಡಿಗಲ್ಲಿಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಊರಿನವರು, ಇದೇ ಕುಲದವರು. 1880ರಲ್ಲಿ ಅವರು ರಂಗಕ್ಕೆ ತಂದ ‘ಸಂಗೀತ ಶಾಕುಂತಲ’ದ ಕೀರ್ತಿಯು ಎಷ್ಟು ವ್ಯಾಪಕವಾಗಿತ್ತೆಂದರೆ, ನೇಗಿಲಿನ ಮೇಲೆ ಅಚ್ಚಾಗುವುದಕ್ಕೆ ಎಷ್ಟೋ ಮುಂಚೆ ಕಿರ್ಲೋಸ್ಕರ್ ಎಂಬ ಹೆಸರು ನಾಟಕದ ಹಸ್ತಪತ್ರಿಕೆಗಳ ಮೇಲೆ ರಾರಾಜಿಸುತ್ತಿತ್ತು. ಬಳ್ಳಾರಿ ರಾಘವಾಚಾರ್ಯರಂಥ ನಟಶ್ರೇಷ್ಠರನ್ನು ಪಡೆದ ನಮ್ಮ ಊರಿನವರಿಗೆ ಇದು ಅಪ್ರಸ್ತುತವೆಂದು ತೋರಲಾರದೆಂದು ನಂಬಿದ್ದೇನೆ.

ಲಕ್ಷ್ಮಣರಾಯರ ತಂದೆ ವೇದಾಂತದಲ್ಲಿ ನಿಷ್ಣಾತರು; ಮಗನಿಗೆ ಓದಿಗಿಂತ ಚಿತ್ರ ಬರೆಯುವುದರಲ್ಲಿಯೂ ಯಂತ್ರಗಳನ್ನು ಬಿಚ್ಚಿ ನೋಡುವುದರಲ್ಲಿಯೂ ಆಸಕ್ತಿ. ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದ ಆ ತರುಣನಿಗೆ ಕೆಲವು ಬಣ್ಣಗಳ ಭೇದವು ಕಣ್ಣಿಗೆ ಗೋಚರಿಸದೆಂಬುದು ಅಲ್ಲಿ ತಿಳಿಯಿತು. ವರ್ಣಚಿತ್ರದ ದಾರಿ ಮುಚ್ಚಿಹೋಗಲಾಗಿ, ಬಣ್ಣದ ಹಂಗಿಲ್ಲದ ಯಂತ್ರರೇಖಾಚಿತ್ರಣವನ್ನು ಅಭ್ಯಸಿಸಿ, ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಬೋಧಿಸುವ ಅಧ್ಯಾಪಕರಾದರು. ಬಿಡುವಿನ ವೇಳೆಯಲ್ಲಿ ಯಂತ್ರಶಾಲೆಗೆ ಹೋಗಿ ತಾವು ಕಾಗದದ ಮೇಲೆ ಬರೆದದ್ದು ಕಬ್ಬಿಣದಲ್ಲಿ ಹೇಗೆ ನಡೆದುಕೊಳ್ಳುತ್ತದೆಂಬುದನ್ನೂ ಕಲಿತರು. ತಮಗೆ ಸಲ್ಲಬೇಕಾಗಿದ್ದ ಬಡ್ತಿಯು ಆಂಗ್ಲೋ ಇಂಡಿಯನ್ನರೊಬ್ಬರ ಪಾಲಾದಾಗ ಕೆಲಸವನ್ನು ಬಿಟ್ಟು ಬೆಳಗಾವಿಗೆ ಹಿಂದಿರುಗಿದರು. ಅಲ್ಲಿ ಅಣ್ಣ ರಾಮೂಅಣ್ಣನವರೊಡನೆ ಕೂಡಿ 1888ರಲ್ಲಿಯೇ ಆರಂಭಿಸಿದ್ದ ಸೈಕಲ್ಲಿನ ಅಂಗಡಿಯೊಂದಿತ್ತು. ಆ ವರ್ಷವನ್ನೇ ಮನೆತನವು ತನ್ನ ಉದ್ಯಮದ ಜನ್ಮವರ್ಷವೆಂದು ಇಂದಿಗೂ ಎಣಿಸುತ್ತದೆ. ಸೈಕಲ್ಲನ್ನು ಮಾರುವುದು, ಕೆಟ್ಟರೆ ಸರಿಪಡಿಸುವುದು, ಶುಲ್ಕ ತೆಗೆದುಕೊಂಡು ಸವಾರಿ ಕಲಿಸುವುದು, ಇವು ಆಗಿನ ವ್ಯಾಪಾರ. ಆ ಅಂಗಡಿಯಿದ್ದ ಬೀದಿಗೆ ಕಿರ್ಲೋಸ್ಕರ್ ರಸ್ತೆಯೆಂಬ ಹೆಸರು ಇನ್ನೂ ಉಳಿದಿದೆ.

ಸೈಕಲ್ಲಿನ ವ್ಯಾಪಾರದಿಂದ ಹೊಟ್ಟೆ ತುಂಬುತ್ತಿತ್ತು. ಆದರೆ ಅದು ಬೇರೆಯವರು ಮಾಡಿದ ವಸ್ತು. ಸಹೋದರರು ಸ್ವಂತಕ್ಕೆ ತಯಾರಿಸಿದ ಮೊದಲ ಮುಖ್ಯ ಪದಾರ್ಥವೆಂದರೆ ಮೇವು ಕತ್ತರಿಸುವ ಯಂತ್ರ. ಸ್ಮರಣ ಸಂಚಿಕೆಗಳಲ್ಲಿ ಇದರ ಪ್ರಸ್ತಾಪವು ಸಾಮಾನ್ಯವಾಗಿ ಅರ್ಧ ವಾಕ್ಯದಲ್ಲಿ ಮುಗಿದು, ಲೇಖಕನು ತ್ವರೆಯಿಂದ ನೇಗಿಲಿಗೆ ಹಾರುತ್ತಾನೆ. ನನಗಾದರೋ ಮನೆತನದ ಸಮಸ್ತ ಸ್ವಭಾವವೂ ಆ ಯಂತ್ರದಲ್ಲಿಯೇ ಅಡಗಿತ್ತೆಂದು ತೋರುತ್ತದೆ. ಧಾತು ಈಶ್ವರ ಸಂವತ್ಸರಗಳ ಬರವನ್ನು, ಎಂದರೆ 1876ರಿಂದ 78ರವರೆಗಿನ ಆ ಘೋರಕಾಲವನ್ನು, ಮೇವಿಲ್ಲದೆ ದನಗಳು ಕೊಟ್ಟಿಗೆಯಲ್ಲಿಯೇ ಬಿದ್ದುಹೋದುದನ್ನು, ಬಳ್ಳಾರಿ ಸೀಮೆಯ ಹಿರಿಯರು ಮೂರು ತಲೆಮಾರು ಹೇಳಿಕೊಂಡು ಬಂದರು. ಜೋಳದ ಸೊಪ್ಪೆಯನ್ನು ಇಡಿಯಾಗಿ ಹಾಕಿದರೆ ಎತ್ತು ಗರಿಯನ್ನು ತಿಂದು ದಂಟಿನ ಬುಡವನ್ನು ತುಳಿದುಬಿಡುತ್ತದೆ. ಸಣ್ಣಗೆ ಕತ್ತರಿಸಿ ಹಾಕಿದರೆ ಬುಡವೂ ಹೊಟ್ಟೆಗೆ ಹೋಗುತ್ತದೆ. ಇಷ್ಟು ಸರಳವಾದ ಲೆಕ್ಕದ ಮೇಲೆ ನಿಂತ ಯಂತ್ರವದು. ಕೈಯಿಂದ ತಿರುಗಿಸುವ ದೊಡ್ಡ ಗಾಲಿ, ಅದರ ಅರಗಳಿಗೆ ಬೋಲ್ಟುಗಳಿಂದ ಬಿಗಿದ ಬಾಗಿದ ಅಲಗುಗಳು, ಸೊಪ್ಪೆಯನ್ನು ಹಿಡಿದು ಮುಂದೊತ್ತುವ ಹಲ್ಲಿನ ಉರುಳೆಗಳು, ಇವಿಷ್ಟೇ ಅದರ ಅಂಗಾಂಗ. ಆದರೆ ಅಲಗಿಗೂ ಬಾಯಿಯ ಅಂಚಿಗೂ ನಡುವೆ ಇರುವ ಸಂದು ಕೂದಲೆಳೆಯಷ್ಟು ಹೆಚ್ಚಾದರೆ ದಂಟು ಕತ್ತರಿಸದೆ ಮಡಚಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಕಡಿಮೆಯಾದರೆ ಅಲಗು ಬಾಯಿಗೆ ತಾಗಿ ಮುಕ್ಕಾಗುತ್ತದೆ. ಆಗಾಗ್ಗೆ ಬಿಚ್ಚಿ ಸಾಣೆ ಹಿಡಿಯಬೇಕು. ಸಾಣೆ ಹಿಡಿದು ಹಿಡಿದು ಅಲಗು ಸವೆದಾಗ ಬೇರೊಂದು ಅಲಗು ಬೇಕು. ಬೋಲ್ಟಿನ ತೂತು ಹಳೆಯದಕ್ಕೆ ಸರಿಯಾಗಿ ಕೂಡಬೇಕು. ಒಮ್ಮೆ ಮಾರಿ ಮರೆತುಬಿಡುವ ಸರಕನ್ನು ಮಾಡುವವನಿಗೂ ಸವೆಯುವ ಸರಕನ್ನು ಮಾಡುವವನಿಗೂ ಇರುವ ಅಂತರವು ಇಲ್ಲಿಯೇ ಇರುವುದು. ಎರಡನೆಯವನ ಬಾಗಿಲಿಗೆ ರೈತನು ಮರಳಿ ಬರುತ್ತಾನೆ, ಬರುವಾಗ ಬರಿಗೈಯಲ್ಲಿ ಬಾರದೆ ದೂರನ್ನೂ ತರುತ್ತಾನೆ.

1903ರಲ್ಲಿ ಬೆಳಗಾವಿಯಲ್ಲಿ ಕಿರ್ಲೋಸ್ಕರರ ಮೊದಲ ಕಬ್ಬಿಣದ ನೇಗಿಲು ಸಿದ್ಧವಾಯಿತು. ಅದು ಬಿಕರಿಯಾಗದೆ ಎರಡು ವರ್ಷ ಅಂಗಡಿಯಲ್ಲಿಯೇ ಕುಳಿತಿತ್ತು. ಕಬ್ಬಿಣ ಸೋಕಿದರೆ ಮಣ್ಣಿಗೆ ವಿಷವೇರುತ್ತದೆಂದು ರೈತರು ನಂಬಿದ್ದರೆಂದು ಎಲ್ಲ ಚರಿತ್ರಕಾರರೂ ಬರೆಯುತ್ತಾರೆ. ಬರೆದು, ಆ ಮೌಢ್ಯವನ್ನು ಗೆದ್ದ ಉದ್ಯಮಿಯ ಛಲವನ್ನು ಕೊಂಡಾಡುತ್ತಾರೆ. ಛಲವು ಕೊಂಡಾಟಕ್ಕೆ ಅರ್ಹವೇ ಸರಿ. ಆದರೆ ರೈತನ ಪಕ್ಷವನ್ನೂ ಒಂದಿಷ್ಟು ಹೇಳಬೇಕಾದುದು ನ್ಯಾಯ. ಮರದ ನೇಗಿಲಿಗೆ ಕಬ್ಬಿಣದ ಕುಳವನ್ನು ತೊಡಿಸಿಯೇ ಅವನು ತಲೆತಲಾಂತರದಿಂದ ಉಳುತ್ತಿದ್ದನಾದ್ದರಿಂದ ಕಬ್ಬಿಣದ ಸ್ಪರ್ಶ ಅವನಿಗೆ ಹೊಸದಾಗಿರಲಿಲ್ಲ. ಹೊಸದಾಗಿದ್ದುದು ಬೇರೆ: ಮುರಿದರೆ ತನ್ನ ಊರಿನ ಬಡಿಗನೂ ಕಮ್ಮಾರನೂ ಸುಗ್ಗಿಯ ಆಯದ ಕಾಳಿಗೆ ಸರಿಪಡಿಸಿಕೊಡಲಾರದ, ರೊಕ್ಕ ಕೊಟ್ಟು ಪಟ್ಟಣದಿಂದಲೇ ತರಬೇಕಾದ ಸಲಕರಣೆಯೊಂದು ಅವನ ಅಂಗಳಕ್ಕೆ ಬರುವುದರಲ್ಲಿತ್ತು. ಎರಡು ವರ್ಷ ಹಿಂದುಮುಂದು ನೋಡಿದ್ದು ಮೌಢ್ಯದಿಂದಲೋ ವಿವೇಕದಿಂದಲೋ ಎಂದು ತೀರ್ಮಾನಿಸುವ ಮೊದಲು ನಾವು ಸ್ವಲ್ಪ ತಡೆಯುವುದು ಲೇಸು.

ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ಎರೆ ಭೂಮಿಯನ್ನು ಬಲ್ಲವರಿಗೆ ಕಬ್ಬಿಣದ ನೇಗಿಲಿನ ಬೆಲೆ ತಾನಾಗಿ ತಿಳಿಯುತ್ತದೆ. ಬೇಸಗೆಯಲ್ಲಿ ಕಾಲು ಹೂತುಹೋಗುವಷ್ಟು ಬಿರುಕು ಬಿಡುವ, ಮಳೆ ಬಿದ್ದ ಮೇಲೆ ಅಂಟಂಟಾಗಿ ಎತ್ತಿನ ಗೊರಸನ್ನೂ ಗಾಡಿಯ ಗಾಲಿಯನ್ನೂ ಹಿಡಿದುಕೊಳ್ಳುವ ಈ ನೆಲವು ಉಳುಮೆಗೆ ಹದವಾಗಿರುವುದು ಅವೆರಡರ ನಡುವಿನ ಕೆಲವೇ ದಿನಗಳಲ್ಲಿ. ಆದ್ದರಿಂದಲೇ ಹಿಂಗಾರಿಯ ಜೋಳಕ್ಕೂ ಹತ್ತಿಗೂ ನಮ್ಮ ರೈತರು ಹೊಲವನ್ನು ವರ್ಷ ವರ್ಷವೂ ಉಳುತ್ತಿರಲಿಲ್ಲ. ಕುಂಟೆ ಹೊಡೆದು ಮೇಲುಮಣ್ಣನ್ನು ಸಡಿಲಿಸಿ ಬಿತ್ತುತ್ತಿದ್ದರು, ಹಲವು ವರ್ಷಗಳಿಗೊಮ್ಮೆ ದೊಡ್ಡ ನೇಗಿಲಿಗೆ ಹಲವು ಜೋಡಿ ಎತ್ತುಗಳನ್ನು ಕಟ್ಟಿ ಆಳವಾಗಿ ಉತ್ತು ಕರಿಕೆಯ ಬೇರನ್ನು ಕೀಳುತ್ತಿದ್ದರು. ಕರಿಕೆಯು ಎರೆಯೊಳಗೆ ಗೇಣು ಗೇಣು ಆಳಕ್ಕಿಳಿದು ಹೊಲವನ್ನೇ ನುಂಗುವ ಹುಲ್ಲು; ಅದನ್ನು ಹೊಲದಿಂದ ತೆಗೆಸುವುದಕ್ಕೆ ತಗಲುತ್ತಿದ್ದ ಖರ್ಚಿನಿಂದಲೇ ಸಾಲಗಾರರಾದವರು ಕಡಮೆಯಲ್ಲ. ಮರದ ನೇಗಿಲು ಮಣ್ಣನ್ನು ಸೀಳುತ್ತದೆಯೇ ಹೊರತು ಮಗುಚುವುದಿಲ್ಲ. ಕಬ್ಬಿಣದ ನೇಗಿಲಿಗಾದರೆ ಕುಳದ ಹಿಂದೆ ಬಾಗಿದ ರೆಕ್ಕೆಯೊಂದಿದ್ದು, ಸೀಳಿದ ಹೆಂಟೆಯನ್ನು ಎತ್ತಿ ಬೋರಲು ಹಾಕುತ್ತದೆ; ಕರಿಕೆಯ ಬೇರು ಬಿಸಿಲಿಗೆ ಬಿದ್ದು ಒಣಗುತ್ತದೆ. ಈ ಒಂದು ಪ್ರಯೋಜನವನ್ನು ನೆರೆಯವನ ಹೊಲದಲ್ಲಿ ಕಣ್ಣಾರೆ ಕಂಡವನಿಗೆ ಬೇರೆ ಉಪದೇಶ ಬೇಕಾಗಿರಲಿಲ್ಲ. ಮೇವಿನ ಯಂತ್ರದ ಅಲಗಿನಂತೆಯೇ ಕುಳವೂ ಸವೆಯುವ ಭಾಗ, ಅದರಲ್ಲಿಯೂ ಸುಣ್ಣಕಲ್ಲಿನ ಹರಳು ಬೆರೆತ ಎರೆಯಲ್ಲಿ ಬೇಗ ಸವೆಯುವ ಭಾಗ. ಗಟ್ಟಿಯಾಗಿರದಿದ್ದರೆ ಮೊಂಡಾಗುತ್ತದೆ, ಅತಿಗಟ್ಟಿಯಾದರೆ ಕಲ್ಲಿಗೆ ತಾಗಿ ಮುರಿಯುತ್ತದೆ. ಎರಡರ ನಡುವಣ ಹದವನ್ನು ಕಂಡುಕೊಳ್ಳುವುದಕ್ಕೆ ಎರಕದ ಮನೆಯವರು ಹೊಲದವರ ಮಾತನ್ನು ಕೇಳಲೇಬೇಕಾಗಿತ್ತು.

ವ್ಯಾಪಾರವು ಹೀಗೆ ಕುದುರುತ್ತಿರುವಾಗಲೇ ಬೆಳಗಾವಿಯ ಪುರಸಭೆಯು ಕಾರ್ಖಾನೆಯಿದ್ದ ಜಾಗವು ಹೊಸ ಬಡಾವಣೆಗೆ ಬೇಕೆಂದು ತೆರವು ಮಾಡಿಸಿತು. ಊರು ತನ್ನ ಭಾಗ್ಯವನ್ನು ತಾನೇ ಹೊರಗೆ ಕಳುಹಿಸಿದ ನಿದರ್ಶನಗಳಲ್ಲಿ ಇದೂ ಒಂದೆಂದು ನಾನು ಎಣಿಸುತ್ತೇನೆ. ಔಂಧ ಸಂಸ್ಥಾನದ ಅಧಿಪತಿಗಳಾದ ಬಾಳಾಸಾಹೇಬ ಪಂತಪ್ರತಿನಿಧಿಗಳು, ಸ್ವತಃ ಕಲಾವಿದರೂ ಗುಣಗ್ರಾಹಿಗಳೂ ಆಗಿದ್ದವರು, ಕುಂಡಲ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ನೆಲವನ್ನೂ 10,000 ರೂಪಾಯಿಗಳ ಬಡ್ಡಿಯಿಲ್ಲದ ಸಾಲವನ್ನೂ ಕೊಟ್ಟು ಸಹೋದರರನ್ನು ಕರೆಸಿಕೊಂಡರು. ನೆಲವೆಂದರೆ ಪಾಪಾಸುಕಳ್ಳಿ ತುಂಬಿದ, ಹಾವುಗಳು ಹರಿದಾಡುವ ಬೀಳು. 1910ರಲ್ಲಿ ಅಲ್ಲಿಗೆ ಹೋದ ಮೊದಲ ತಂಡವು ಕಳ್ಳಿಯನ್ನು ಕಡಿದು, ಬಾವಿ ತೋಡಿ, ಗುಡಿಸಲು ಕಟ್ಟಿ, ಎರಕದ ಒಲೆಯನ್ನು ಹೂಡಿತು. ಕಾಲಾಂತರದಲ್ಲಿ ಕಿರ್ಲೋಸ್ಕರವಾಡಿಯೆಂದು ಹೆಸರಾಗಿ ಆ ಹೆಸರಿನ ರೈಲು ನಿಲ್ದಾಣವನ್ನೂ ಪಡೆದ ಆ ಊರು, ಕೆಲಸಗಾರರಿಗೆಂದೇ ಯೋಜಿಸಿ ಕಟ್ಟಿದ ನಮ್ಮ ದೇಶದ ಆದ್ಯ ಕೈಗಾರಿಕಾ ಗ್ರಾಮಗಳಲ್ಲೊಂದು. ಅಸ್ಪೃಶ್ಯತೆಯ ಆಚರಣೆಯನ್ನು ಲಕ್ಷ್ಮಣರಾಯರು ಅಲ್ಲಿ ನಿಷೇಧಿಸಿದರು. ಸೆರೆಮನೆಯಿಂದ ಬಿಡುಗಡೆಯಾದವರನ್ನು ಕರೆದು ಕಾವಲಿನ ಕೆಲಸವನ್ನು ಒಪ್ಪಿಸಿದರು. ಕುಂಡಲವನ್ನು ಹಾದುಹೋಗುತ್ತಿದ್ದ ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆಯ ಹಳಿಯು ಹುಬ್ಬಳ್ಳಿ, ಗದಗ, ಹೊಸಪೇಟೆಗಳ ಮಾರ್ಗವಾಗಿ ಬಳ್ಳಾರಿಗೂ ಬರುತ್ತಿತ್ತು. ಸಂಡೂರಿನ ಅದಿರಿನ ಮೇಲೆ ಕುಳಿತ ನಾವು ಕಿರ್ಲೋಸ್ಕರವಾಡಿಯಲ್ಲಿ ಎರಕಹೊಯ್ದ ನೇಗಿಲನ್ನು ಗೂಡ್ಸಿನಿಂದ ಇಳಿಸಿಕೊಳ್ಳಬೇಕಾದ ವೈಚಿತ್ರ್ಯವು ಅಂದಿನ ನಮ್ಮ ವರ್ತಕರಲ್ಲಿ ಯಾರಿಗಾದರೂ ಹೊಳೆಯಿತೋ ಇಲ್ಲವೋ!

ಮೊದಲನೆಯ ಮಹಾಯುದ್ಧವು ಕಿರ್ಲೋಸ್ಕರರಿಗೆ ಏಕಕಾಲಕ್ಕೆ ವರವೂ ಶಾಪವೂ ಆಯಿತು. ವಿಲಾಯತಿಯ ನೇಗಿಲುಗಳು ಬರುವುದು ನಿಂತು ದೇಶೀಯ ನೇಗಿಲಿಗೆ ಬೇಡಿಕೆ ಹೆಚ್ಚಿತು. ಅದೇ ಸಮಯಕ್ಕೆ ಕಬ್ಬಿಣ, ಕಲ್ಲಿದ್ದಲು, ಬಣ್ಣ, ಯಾವುದೂ ದೊರೆಯದಂತಾಯಿತು. ಕೊಲ್ಹಾಪುರದ ಶಾಹೂ ಮಹಾರಾಜರು ತಮ್ಮ ಸಂಸ್ಥಾನದ ಹಳೆಯ ಫಿರಂಗಿಗಳನ್ನು ಕರಗಿಸಿಕೊಳ್ಳುವುದಕ್ಕೆ ಕೊಟ್ಟರು. ಕೋಟೆಯ ಮೇಲೆ ಮಳೆಗೆ ತುಕ್ಕು ಹಿಡಿಯುತ್ತಿದ್ದ ಆಯುಧವು ಕುಳವಾಗಿ ಹೊಲಕ್ಕಿಳಿದ ಈ ಪ್ರಸಂಗವನ್ನು ಯಾವ ಕವಿಯಾದರೂ ಕಲ್ಪಿಸಿಕೊಂಡಿದ್ದರೆ ಅತಿಯಾಯಿತೆನ್ನುತ್ತಿದ್ದೆವೇನೋ. 1920ರಲ್ಲಿ ಸಂಸ್ಥೆಯು ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಎಂದು ನೋಂದಾಯಿತವಾಯಿತು. ಅದೇ ವರ್ಷ ಮನೆತನದ ಶಂಕರರಾಯರು ಸಂಸ್ಥೆಯ ತಯಾರಿಕೆಗಳ ಸಮಾಚಾರವನ್ನು ಗಿರಾಕಿಗಳಿಗೆ ತಲಪಿಸುವುದಕ್ಕೆಂದು ‘ಕಿರ್ಲೋಸ್ಕರ್ ಖಬರ್’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಅದು ಬೆಳೆದು ‘ಕಿರ್ಲೋಸ್ಕರ್’ ಮಾಸಪತ್ರಿಕೆಯಾಗಿ, 1930ರಲ್ಲಿ ‘ಸ್ತ್ರೀ’ ಎಂಬ ಸೋದರಪತ್ರಿಕೆಯನ್ನೂ ಪಡೆದು, ಮರಾಠಿ ಸಾಹಿತ್ಯದ ಚರಿತ್ರೆಯಲ್ಲಿ ತನ್ನದೇ ಆದ ಅಧ್ಯಾಯವನ್ನು ಬರೆಸಿಕೊಂಡಿತು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಪರದೇಶದ ಇನ್ನೊಂದು ಮನೆತನವನ್ನು ನೆನೆಯಬೇಕೆನ್ನಿಸುತ್ತದೆ. ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿ ತೆರೆಯುವುದಕ್ಕೆ ನಾಲ್ಕು ವರ್ಷ ಮೊದಲು, 1884ರಲ್ಲಿ, ಸ್ವಿಟ್ಜರ್ಲೆಂಡಿನ ಶ್ವೀಜ್ ಪ್ರಾಂತದ ಈಬಾಖ್ ಎಂಬಲ್ಲಿ ಕಾರ್ಲ್ ಎಲ್ಸೆನರ್ ಎಂಬುವನು ಚಾಕುಗಳ ಕಮ್ಮಟವನ್ನು ಆರಂಭಿಸಿದನು. ಅಲ್ಲಿಯ ಸೈನಿಕರ ಮಡಚುವ ಚಾಕುಗಳು ಜರ್ಮನಿಯ ಜೋಲಿಂಗನ್ನಿನಿಂದ ಬರುತ್ತಿದ್ದುವು. ದೇಶದ ಸೈನಿಕನ ಜೇಬಿನಲ್ಲಿ ದೇಶದ ಚಾಕುವೇ ಇರಬೇಕೆಂದು ನಾಡಿನ ಚಾಕುಗಾರರನ್ನೆಲ್ಲ ಒಂದುಗೂಡಿಸಿ, 1891ರಲ್ಲಿ ಸೈನ್ಯಕ್ಕೆ ಮೊದಲ ಸರಬರಾಜನ್ನು ಮಾಡಿದನು. ಜೋಲಿಂಗನ್ನಿನವರು ಯಂತ್ರದಿಂದ ಅಗ್ಗವಾಗಿ ತಯಾರಿಸುತ್ತಿದ್ದ ಕಾರಣ ಜೊತೆಗಾರರು ಒಬ್ಬೊಬ್ಬರಾಗಿ ಕಳಚಿಕೊಂಡರು. ಎಲ್ಸೆನರನು ಸಾಲದಲ್ಲಿ ಮುಳುಗಿ ಬಂಧುಗಳ ಸಹಾಯದಿಂದ ಉಳಿದುಕೊಂಡನು. 1897ರಲ್ಲಿ ಹೆಚ್ಚು ಹಗುರವೂ ಹೆಚ್ಚು ಅಲಗುಗಳುಳ್ಳದ್ದೂ ಆದ ಅಧಿಕಾರಿಗಳ ಚಾಕುವೊಂದನ್ನು ಅವನು ನೋಂದಾಯಿಸಿದ ಮೇಲೆ ಅದೃಷ್ಟವು ತಿರುಗಿತು. 1909ರಲ್ಲಿ ತೀರಿಕೊಂಡ ತಾಯಿ ವಿಕ್ಟೋರಿಯಾಳ ಹೆಸರನ್ನು ಅವನು ಚಾಕುವಿಗೆ ಇಟ್ಟನು; 1921ರಲ್ಲಿ ಅವನ ಮನೆಯವರು ತುಕ್ಕು ಹಿಡಿಯದ ಉಕ್ಕಿನ ಸಂಜ್ಞೆಯನ್ನು ಅದಕ್ಕೆ ಜೋಡಿಸಿದಾಗ ವಿಕ್ಟೋರಿನಾಕ್ಸ್ ಎಂಬ ಹೆಸರು ಹುಟ್ಟಿತು. 2001ರ ಸೆಪ್ಟೆಂಬರಿನ ತರುವಾಯ ವಿಮಾನಗಳಲ್ಲಿ ಚಾಕು ಒಯ್ಯುವುದು ನಿಷಿದ್ಧವಾಗಿ ವ್ಯಾಪಾರವು ಒಮ್ಮೆಗೇ ಕುಸಿದಾಗಲೂ ಆ ಮನೆಯವರು ಒಬ್ಬ ಕೆಲಸಗಾರನನ್ನೂ ಬಿಡಿಸಲಿಲ್ಲವೆಂದು ಪ್ರಸಿದ್ಧಿಯಿದೆ. ನಾಲ್ಕನೆಯ ತಲೆಮಾರಿಗೂ ಅವರು ಚಾಕುವನ್ನು ಬಿಟ್ಟಿಲ್ಲ. ನಮ್ಮ ಕಿರ್ಲೋಸ್ಕರರ ದಾರಿ ಇದಕ್ಕೆ ವಿಪರೀತ: ಕುಳದಿಂದ ಪಂಪಿಗೆ, ಪಂಪಿನಿಂದ ಅದನ್ನು ತಿರುಗಿಸುವ ಎಂಜಿನ್ನಿಗೆ, ಎಂಜಿನ್ನಿನಿಂದ ಅದನ್ನು ಕಡೆಯುವ ಲೇತಿಗೆ, ಒಂದು ಅಗತ್ಯವು ಇನ್ನೊಂದನ್ನು ತೋರಿಸಿದ ಹಾಗೆಲ್ಲ ಅವರು ಕವಲೊಡೆಯುತ್ತ ಹೋದರು. ಎರಡರಲ್ಲಿ ಯಾವುದು ಹೆಚ್ಚೆಂದು ಕೇಳಿದರೆ, ಕೃಷಿಕರ ದೇಶಕ್ಕೆ ಎರಡನೆಯ ದಾರಿಯೇ ಬೇಕಾಗಿತ್ತೆಂದು ನನ್ನ ಅಭಿಪ್ರಾಯ; ಆದರೆ ಕವಲು ಹೆಚ್ಚಿದಷ್ಟೂ ಬೇರು ದೂರವಾಗುವ ಅಪಾಯವು ಅದರಲ್ಲಿಯೇ ಇತ್ತು.

ಲಕ್ಷ್ಮಣರಾಯರ ಮಗ ಶಂತನುರಾಯರು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಓದಿ 1926ರಲ್ಲಿ ಹಿಂದಿರುಗಿದ ಮೇಲೆ ವಿಸ್ತರಣೆಯು ತ್ವರಿತವಾಯಿತು. 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲಿಮಿಟೆಡ್ ಸ್ಥಾಪಿತವಾಗಿ, ಲೇತುಗಳ ತಯಾರಿಕೆಯಿಂದ ತುಂಗಭದ್ರೆಯ ದಡದ ಆ ಪುಣ್ಯಕ್ಷೇತ್ರವನ್ನು ಯಂತ್ರಕ್ಷೇತ್ರವನ್ನಾಗಿಯೂ ಮಾಡಿತು. 1946ರಲ್ಲಿ ಪುಣೆಯಲ್ಲಿ ಎಣ್ಣೆ ಎಂಜಿನ್ನುಗಳಿಗೂ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರುಗಳಿಗೂ ಪ್ರತ್ಯೇಕ ಕಂಪನಿಗಳಾದುವು. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ಕಾಲವಾದರು. ಆ ವೇಳೆಗೆ ನಮ್ಮ ಸೀಮೆಯ ಸ್ಥಿತಿಯೂ ಬದಲಾಗಿತ್ತು. 1945ರಲ್ಲಿ ಕೆಲಸ ಆರಂಭವಾದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯಿತು; ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿಯು ಮದ್ರಾಸಿನಿಂದ ಬೇರ್ಪಟ್ಟು ಮೈಸೂರನ್ನು ಸೇರಿತು. ವಿಜಯನಗರದ ಕಾಲದ ಕಾಲುವೆಗಳ ಅಂಚಿನಲ್ಲಿ ಮಾತ್ರ ಬತ್ತ ಬೆಳೆಯುತ್ತಿದ್ದ ಸಿರುಗುಪ್ಪವು ಕೆಳಮಟ್ಟದ ಕಾಲುವೆಯ ನೀರಿನಿಂದ ಬತ್ತದ ಕಣಜವಾಯಿತು; ದೊಡ್ಡ ಬಸವೇಶ್ವರನ ಕುರುಗೋಡಿನ ಜೋಳದ ಹೊಲಗಳು ಹತ್ತಿ, ಮೆಣಸಿನಕಾಯಿ, ಬತ್ತಗಳಿಗೆ ಎಡೆಗೊಟ್ಟುವು; ಹಗರಿಯ ದಂಡೆಯಲ್ಲಿಯೂ ತುಂಗಭದ್ರೆಯ ದಂಡೆಯಲ್ಲಿಯೂ ಎಂಜಿನ್ನಿನ ಪಂಪುಗಳ ಶಬ್ದ ಕೇಳತೊಡಗಿತು. ರೈತನ ಬಾಯಿಯಲ್ಲಿ ಕಿರ್ಲೋಸ್ಕರ್ ಎಂದರೆ ಆಗ ನೇಗಿಲು ಹೋಗಿ ಪಂಪಾಗಿತ್ತು.

ಮನೆತನದ ಮುಂದಿನ ಚರಿತ್ರೆಯೆಲ್ಲವೂ ಮಂಗಳಮಯವೆಂದು ಬರೆದರೆ ಅದು ಸ್ತುತಿಯಾದೀತು. ಹರಿಹರದ ಕಾರ್ಖಾನೆಯು ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಸೊರಗಿ, ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಿನಲ್ಲಿ ಮುಚ್ಚಿತು. ಅದನ್ನೇ ನಂಬಿ ನೆಲೆಸಿದ್ದ ಸಂಸಾರಗಳ ಪಾಡನ್ನು ಆ ಊರು ಮರೆತಿಲ್ಲ. ಮನೆತನದ ಶಾಖೆಗಳ ನಡುವಿನ ಭಿನ್ನಾಭಿಪ್ರಾಯಗಳು ನ್ಯಾಯಾಲಯದ ಮೆಟ್ಟಿಲನ್ನೇರಿದುದೂ ಸರ್ವವಿದಿತ. ಆದರೆ ಬಳ್ಳಾರಿಯವರಾದ ನಮಗೆ ಹೆಚ್ಚು ಹತ್ತಿರದ ಘಟನೆಯೊಂದು 1990ರ ದಶಕದಲ್ಲಿ ನಡೆಯಿತು. ಹೊಸಪೇಟೆಯಿಂದ ಕೊಪ್ಪಳಕ್ಕೆ ಹೋಗುವ ದಾರಿಯ ಸಮೀಪ ಬೇವಿನಹಳ್ಳಿಯಲ್ಲಿ, 1991ರಲ್ಲಿ ರೂಪುಗೊಂಡ ಕಿರ್ಲೋಸ್ಕರ್ ಫೆರಸ್ ಕಂಪನಿಯು ಊದುಕುಲುಮೆಯನ್ನು ಹೂಡಿ ಬೀಡುಕಬ್ಬಿಣವನ್ನು ತೆಗೆಯತೊಡಗಿತು. ಬೆಳಗಾವಿಯನ್ನು ಬಿಟ್ಟುಹೋದ ಮನೆತನದ ಒಂದು ಶಾಖೆಯು ಎಂಬತ್ತು ವರ್ಷಗಳ ಮೇಲೆ ಕನ್ನಡ ನೆಲದ ಅದಿರಿನ ಬಾಗಿಲಿಗೇ ಬಂದಂತಾಯಿತು. ಅದಿರು, ಕೋಕ್, ಸುಣ್ಣಕಲ್ಲುಗಳನ್ನು ಪದರಪದರವಾಗಿ ಮೇಲಿನಿಂದ ತುಂಬಿ, ಕೆಳಗಿನಿಂದ ಕಾದ ಗಾಳಿಯನ್ನು ಊದಿ, ಕರಗಿದ ಕಬ್ಬಿಣವನ್ನು ತಳದಿಂದ ಹರಿಸುವ ಆ ಕೆಲಸವು ಅದಿರಿನಿಂದ ಕಬ್ಬಿಣವನ್ನು ಬಿಡಿಸುವ ಮಟ್ಟಿಗೆ ನಮ್ಮ ಹಳೆಯ ಕುಲುಮೆಗಳದ್ದೇ, ಆದರೆ ಅವುಗಳಲ್ಲಿ ಕಬ್ಬಿಣವು ಹೀಗೆ ಕರಗಿ ಹರಿಯುತ್ತಿರಲಿಲ್ಲ.

ಆ ಕಬ್ಬಿಣದಿಂದ ಈಗ ಕುಳವನ್ನು ಎರಕಹೊಯ್ಯುವುದಿಲ್ಲ. ಬೇವಿನಹಳ್ಳಿಯ ಎರಕದ ಮನೆಯಲ್ಲಿ ಮುಖ್ಯವಾಗಿ ತಯಾರಾಗುವುದು ಟ್ರಾಕ್ಟರು ಮೊದಲಾದ ವಾಹನಗಳ ಎಂಜಿನ್ನಿನ ಸಿಲಿಂಡರ್ ಬ್ಲಾಕುಗಳು. ಎತ್ತನ್ನೂ ಅದರ ಹಿಂದಿನ ನೇಗಿಲನ್ನೂ ಒಟ್ಟಿಗೆ ಹೊಲದಿಂದ ಹೊರಡಿಸಿದ ಟ್ರಾಕ್ಟರಿಗೆ ನೇಗಿಲಿನ ಮನೆತನವೇ ಎದೆಗೂಡನ್ನು ಒದಗಿಸುತ್ತಿದೆ. ಸಿರುಗುಪ್ಪದ ಕೆಸರುಗದ್ದೆಯಲ್ಲಿ ಇಂದು ಕೇಜ್‌ವೀಲ್ ತೊಟ್ಟು ತಿರುಗುವ ಟ್ರಾಕ್ಟರಿನೊಳಗೆ ಯಾವ ಬೆಟ್ಟದ ಅದಿರು ಇದೆಯೆಂದು ಕೇಳುವವರಿಲ್ಲ. ಅದರ ಹಿಂದೆ ಜೋಡಿಸಿದ ರಂಟೆಯ ಕುಳವು ಸವೆದಾಗ ಮಾತ್ರ ಯಜಮಾನನು ಹಳೆಯದನ್ನು ಚೀಲದಲ್ಲಿ ಹಾಕಿಕೊಂಡು ಬಳ್ಳಾರಿಯ ಬಸ್ಸು ಹತ್ತುತ್ತಾನೆ, ಬೋಲ್ಟಿನ ತೂತು ತಾಳೆಯಾಗುತ್ತದೆಯೋ ಇಲ್ಲವೋ ಎಂದು ಅಂಗಡಿಯ ಕಟ್ಟೆಯ ಮೇಲೆಯೇ ಇಟ್ಟು ನೋಡಿ, ತಾಳೆಯಾಗದಿದ್ದರೆ ಅಂಗಡಿಯವನಿಗೆ ಕೇಳುವಂತೆಯೇ ಎರಡು ಮಾತು ಆಡಿ ಮುಂದಿನ ಅಂಗಡಿಗೆ ಹೋಗುತ್ತಾನೆ.